ವಕೀಲರು ಎನ್‌ಒಸಿ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ಒಪ್ಪಿಗೆ ಪತ್ರ) ಕೊಡುತ್ತಿಲ್ಲ, ಅಮ್ಮನ ಕೇಸಿನ ಫೈಲೂ ಅವರ ಹತ್ತಿರವೇ ಇದೆ. ಏನು ಮಾಡಲಿ?

ಅಮ್ಮನ ಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಅಜ್ಜನ 3 ಎಕರೆ 12 ಗುಂಟೆ ಜಮೀನಿನಲ್ಲಿ ತನ್ನ ಪಾಲು ಕೇಳಿ 2019ರಲ್ಲಿ ನನ್ನ ಸೋದರಮಾವಂದಿರ ಮೇಲೆ ದಾವೆ ಹಾಕಿದ್ದಾರೆ. ಈಗ ಅಮ್ಮ ಸಾಕ್ಷಿ ಹೇಳಬೇಕಾದ ಹಂತ. ಆದರೆ ನಾಲ್ಕು ತಾರೀಖಿನಿಂದ ನಮ್ಮ ವಕೀಲರೇ ವಾಯಿದೆ ಕೇಳುತ್ತಿದ್ದಾರೆ. ಅಮ್ಮ ಪ್ರತಿ ಸಲ ಬೆಳಿಗ್ಗೆ ಆರೂವರೆ ಬಸ್ಸು ಹಿಡಿದು ಹೋಗುತ್ತಾರೆ, ಕೋರ್ಟಿನ ಬೆಂಚಿನ ಮೇಲೆ ಕೂತು ವಾಪಸ್ ಬರುತ್ತಾರೆ.

ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದಕ್ಕೆ, 40 ಸಾವಿರ ಬಾಕಿ ಕೊಟ್ಟರೆ ಮಾತ್ರ ಎನ್‌ಒಸಿ ಮತ್ತು ಫೈಲ್ ಅಂದರು. ಇದುವರೆಗೆ ಕೊಟ್ಟ ಹಣಕ್ಕೆ ರಸೀದಿ ಇಲ್ಲ. ಹಣಕ್ಕಿಂತ ಅಮ್ಮನಿಗೆ ಚಿಂತೆ ಹಳೆಯ ಕ್ರಯಪತ್ರದ್ದು. ಅಜ್ಜ ಕೊನೆಗಾಲದಲ್ಲಿ ಅದನ್ನು ಮಗಳ ಕೈಗೇ ಕೊಟ್ಟಿದ್ದರು. ಅದೂ ಆ ಫೈಲಿನಲ್ಲಿದೆ. ರಾತ್ರಿ ಎದ್ದು ಅದನ್ನೇ ಕೇಳುತ್ತಾರೆ.

ಧಾರವಾಡದ ವಕೀಲ:
ಅಕ್ಕಾ, ಮೊದಲು ಹೆದರಿಕೆ ಬಿಡಿ. ಎನ್‌ಒಸಿ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ. ಹಳೇ ವಕೀಲರು ಒಪ್ಪಿಗೆ ಕೊಡದಿದ್ದರೆ, ಹೊಸಬರು ಕಾರಣ ಬರೆದು ಕೋರ್ಟಿಗೆ ಅರ್ಜಿ ಹಾಕಿ, ಅನುಮತಿ ಪಡೆದು ವಕಾಲತ್ತು ಹಾಕಬಹುದು. ಬಾರ್ ಕೌನ್ಸಿಲ್ ನಿಯಮದಲ್ಲೇ ಇದಕ್ಕೆ ದಾರಿ ಇದೆ.

ಫೀಸು ಬಾಕಿ ಅಂತ ಫೈಲ್ ಹಿಡಿದಿಡುವ ಹಕ್ಕು ನಮ್ಮ ವೃತ್ತಿಯವರಿಗೆ ಇಲ್ಲ. ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಅಲ್ಲಿ ಒಂದು ಬ್ಯಾಂಕಿನ ಫೈಲುಗಳನ್ನು ಅದರ ವಕೀಲರು ಇಟ್ಟುಕೊಂಡಿದ್ದರು. ಅದು ವೃತ್ತಿ ದುರ್ನಡತೆ ಅಂತಲೇ ತೀರ್ಮಾನವಾಯಿತು. ಬಾಕಿ ನಿಜವಾಗಿದ್ದರೆ ಅವರು ಬೇರೆ ದಾವೆ ಹಾಕಿ ವಸೂಲಿ ಮಾಡಿಕೊಳ್ಳಲಿ. ಫೈಲ್ ಕೇಳಿ ಒಂದು ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಅದರ ರಸೀದಿ ಜೋಪಾನ.

ನಿವೃತ್ತ ಶಿರಸ್ತೇದಾರ:
ಅಮ್ಮಾ, ಕ್ರಯಪತ್ರ ವಕೀಲರ ಹತ್ತಿರವೇ ಇದೆ ಅಂತ ಖಾತ್ರಿ ಇದೆಯೇ? ಎಷ್ಟೋ ಸಲ ದಾವೆ ಹಾಕುವಾಗಲೇ ಪಟ್ಟಿ ಮಾಡಿ ಕೋರ್ಟಿಗೆ ಕೊಟ್ಟಿರುತ್ತಾರೆ. ಆಗ ಅದು ಕೋರ್ಟಿನ ಕಡತದಲ್ಲಿ ಭದ್ರವಾಗಿರುತ್ತದೆ. ದಾವೆ, ಎದುರಾಳಿಯ ಜವಾಬು, ದಾಖಲೆ ಪಟ್ಟಿ, ಎಲ್ಲದಕ್ಕೂ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಹೊಸ ವಕೀಲರಿಗೆ ಅಷ್ಟು ಸಾಕು. ಪತ್ರ ಅಲ್ಲಿ ಇಲ್ಲದಿದ್ದರೂ, ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ.

ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರ-ಅಂಕಿಯ ಸಿಎನ್‌ಆರ್ (ನಿಮ್ಮ ಕೇಸಿನ ಗುರುತಿನ ಸಂಖ್ಯೆ) ಹಾಕಿ ತಾರೀಖು ನೀವೇ ನೋಡಿಕೊಳ್ಳಿ. ತಾರೀಖು ಮಾತ್ರ ತಪ್ಪಿಸಬೇಡಿ. ನಿಮ್ಮ ಕಡೆಯವರು ಯಾರೂ ಹಾಜರಿಲ್ಲ ಅಂತ ದಾವೆ ವಜಾ ಆದರೆ, ಮತ್ತೆ ತೆರೆಸಲು ಅರ್ಜಿ ಹಾಕುವ ಅವಧಿ 30 ದಿನ ಅಷ್ಟೇ. ಕೋರ್ಟಿನಲ್ಲಿದ್ದಷ್ಟು ವರ್ಷ ಇಂಥ ಕೇಸುಗಳನ್ನು ನೋಡಿ ಹೊಟ್ಟೆ ಉರಿದುಹೋಗಿದೆ.

ಹಳ್ಳಿ ಮೇಷ್ಟ್ರು:
ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್. ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಮ್ಮ ಅಕ್ಕನ ಜೀವನಾಂಶದ ಕೇಸು ಹಾಗೇ ನಡೆಯಿತು. ಕೊಟ್ಟ ವಕೀಲರು ಚಿಕ್ಕ ವಯಸ್ಸಿನವರು, ಆದರೆ ಒಂದು ತಾರೀಖೂ ತಪ್ಪಿಸಲಿಲ್ಲ.

ದೂರು ಕೊಡುವುದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ಕೊಡಿ. ಸುಮ್ನೆ ಗ್ರಾಹಕರ ಕೋರ್ಟಿಗೆ ಅಲೆಯಬೇಡಿ, ವಕೀಲರ ಸೇವೆ ಗ್ರಾಹಕ ಕಾಯಿದೆಗೆ ಬರುವುದಿಲ್ಲ ಅಂತ 2024ರಲ್ಲಿ ತೀರ್ಪಾಗಿದೆ.

ಅಮ್ಮನ ಮಗಳು:
ಇವತ್ತು ಅಮ್ಮನ ಜೊತೆ ನಾನೂ ಹೋಗಿದ್ದೆ. ನಕಲಿಗೆ ಅರ್ಜಿ ಕೊಟ್ಟು ದಾಖಲೆ ಪಟ್ಟಿ ನೋಡಿದೆವು. ಶಿರಸ್ತೇದಾರರೇ, ನೀವು ಹೇಳಿದ್ದು ನಿಜ. ಮೂಲ ಕ್ರಯಪತ್ರ ಕೋರ್ಟಿನಲ್ಲೇ ಇದೆ, ಪಟ್ಟಿಯಲ್ಲಿ ಮೂರನೆಯದು. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡರು. ಸೋಮವಾರ ಕಾನೂನು ಸೇವಾ ಸಮಿತಿಗೆ ಹೋಗುತ್ತೇವೆ.