ಏಟು ತಿಂದವರು ನಾವು, ಕೇಸಿನ ಸುದ್ದಿ ಮಾತ್ರ ಹೊಡೆದವರಿಗೆ ಮೊದಲು

ಮದ್ದೂರು ಕಡೆಯವನು:
ಹೋದ ಬೇಸಿಗೆಯಲ್ಲಿ ನಾಲೆ ನೀರು ತಿರುಗಿಸೋ ಜಗಳದಲ್ಲಿ ಪಕ್ಕದ ಜಮೀನಿನವರು ನನ್ನ ತಮ್ಮನಿಗೆ ಗುದ್ದಲಿ ಕಾವಿನಿಂದ ಹೊಡೆದರು. ಎಡಗೈ ಮುರಿದು ಪ್ಲೇಟ್ ಹಾಕಿಸಿದ್ದೇವೆ. ಈಗಲೂ ಹಾಲಿನ ಕ್ಯಾನ್ ಎತ್ತೋಕಾಗಲ್ಲ, ಡೇರಿಗೆ ನಾನೇ ಹಾಕಿ ಬರುತ್ತೇನೆ. ಎಫ್‌ಐಆರ್ ಆಯಿತು, ಅವರಿಗೆ ಬೇಲೂ ಆಯಿತು. ಆಮೇಲೆ ನಮಗೇನೂ ಗೊತ್ತಿಲ್ಲ. ಚಾರ್ಜ್‌ಶೀಟ್ ಹಾಕಿದ್ದಾರೆ ಅಂತ ತಿಳಿದಿದ್ದು ಹೊಡೆದವನ ಭಾವಮೈದನಿಂದ, ಅದೂ ಟೀ ಅಂಗಡಿಯಲ್ಲಿ! ಸ್ಟೇಷನ್ನಿಗೆ ಹೋದರೆ ‘ಸಮನ್ಸ್ ಬಂದಾಗ ಬಂದು ಸಾಕ್ಷಿ ಹೇಳಿ, ಸಾಕು’ ಅಂತಾರೆ. ಊರ ಯಜಮಾನರು ರಾಜಿ ಆಗ್ರಪ್ಪಾ ಅಂತ ಬೆನ್ನು ಬಿದ್ದಿದ್ದಾರೆ. ಸರ್ಕಾರಿ ವಕೀಲರು ಇರುವಾಗ ನಾವು ಬೇರೆ ವಕೀಲರನ್ನ ಇಡಬಹುದಾ?

ವಕೀಲೆ, ಮೈಸೂರು:
ಇಡಬಹುದು ಅಣ್ಣ. ಘಟನೆ 2024ರ ಜುಲೈ 1ರ ನಂತರದ್ದು, ಹಾಗಾಗಿ ಹಳೇ ಸಿಆರ್‌ಪಿಸಿ ಬದಲು ಬಂದ ಹೊಸ ಬಿಎನ್‌ಎಸ್‌ಎಸ್ (ತನಿಖೆ, ವಿಚಾರಣೆ ಹೇಗೆ ನಡೀಬೇಕು ಅಂತ ಹೇಳೋ) ಕಾನೂನು ಬರುತ್ತೆ. ಅದರ ಸೆಕ್ಷನ್ 193ರ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ನಿಮಗೆ ತಿಳಿಸಬೇಕಿತ್ತು. ಮೊದಲು ಒಬ್ಬ ವಕೀಲರಿಂದ ವಕಾಲತ್ತು (ನಿಮ್ಮ ಪರ ನಿಲ್ಲೋ ಅಧಿಕಾರ ಪತ್ರ) ಹಾಕಿಸಿ. ಚಾರ್ಜ್‌ಶೀಟ್ ನಕಲು ಆರೋಪಿಗೆ ತಾನಾಗೇ ಸಿಗುತ್ತೆ, ನೊಂದವರಿಗೆ ವಕೀಲರಿದ್ದರೆ ಮಾತ್ರ. (ಇದು ನನಗೆ ಸರಿ ಕಾಣಲ್ಲ. ಏಟೂ ತಿಂದು ಫೀಸೂ ಕೊಡಬೇಕಾ?) ಫೀಸು ಕಷ್ಟ ಅಂದ್ರೆ ಮಂಡ್ಯ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ನಷ್ಟ ಪರಿಹಾರವನ್ನೂ ಅಲ್ಲೇ ವಿಚಾರಿಸಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸೆಷನ್ಸ್ ಕೋರ್ಟಿನಲ್ಲಿ ನಿಮ್ಮ ವಕೀಲರು ಪಿಪಿ (ಸರ್ಕಾರಿ ವಕೀಲರು) ಹೇಳಿದಂತೆ ನಡೆಯಬೇಕು. ಪಾಟಿ ಸವಾಲು, ಬಾಯಿ ಮಾತಿನ ವಾದ ಎರಡೂ ಇಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪಿಪಿ ಕೇಳದೆ ಬಿಟ್ಟ ಪ್ರಶ್ನೆಯನ್ನ ಚೀಟಿಯಲ್ಲಿ ಬರೆದು ಹಿಂದಿನಿಂದ ಅವರ ಕೈಗೆ ತುರುಕೋದೇ ಅಲ್ಲಿ ನಮ್ಮ ದೊಡ್ಡ ಕೆಲಸ! ಕೊನೆಗೆ ಕೋರ್ಟ್ ಒಪ್ಪಿದರೆ ಬರವಣಿಗೆಯಲ್ಲಿ ವಾದ ಕೊಡಬಹುದು. ಕೇಸ್ ಮ್ಯಾಜಿಸ್ಟ್ರೇಟ್ ಮುಂದಿದ್ದರೆ ಪರವಾಗಿಲ್ಲ, ಅನುಮತಿ ಪಡೆದು ನಿಮ್ಮ ವಕೀಲರೇ ಕೇಸ್ ನಡೆಸೋಕೂ ದಾರಿ ಇದೆ.

ಶ್ರೀರಂಗಪಟ್ಟಣದಿಂದ:
ನಮ್ಮ ಭಾವನ ಕೇಸಿನಲ್ಲಿ ಎಲ್ಲರೂ ಖುಲಾಸೆ ಆದರು. ಸರ್ಕಾರದವರು ಅಪೀಲು ಹೋಗಲಿಲ್ಲ, ನಾವೇ ಹೋದೆವು. ನೊಂದವರ ಅಪೀಲಿಗೆ ಕೋರ್ಟಿನ ಅನುಮತಿ ಮೊದಲೇ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಗಿದೆ. ಅದು ನಮ್ಮ ಕರ್ನಾಟಕದ್ದೇ ಕೇಸು, ಮಲ್ಲಿಕಾರ್ಜುನ ಕೊಡಗಲಿ ಅಂತ. ಇನ್ನು ರಾಜಿ ವಿಚಾರ ನಿಮ್ಮ ತಮ್ಮ ಹೇಳಬೇಕು, ಯಜಮಾನರಲ್ಲ. ಅವರ ಕೈಯೇನು ಮುರಿದಿಲ್ವಲ್ಲ.

ಮದ್ದೂರು ಕಡೆಯವನು:
ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಬೇಲ್ ಮೇಲಿರೋರು ನಾವು ನೀರು ಕಟ್ಟೋ ಹೊತ್ತಿಗೆ ಸರಿಯಾಗಿ ಬದು ಮೇಲೆ ಬಂದು ನಿಲ್ಲುತ್ತಾರೆ. ‘ಕೋರ್ಟಲ್ಲಿ ಅದೇನು ಹೇಳ್ತೀಯೋ ಹೇಳು, ನೋಡ್ಕೋತೀವಿ’ ಅಂತಾರೆ. ಇದಕ್ಕೇನು ಮಾಡೋದು?

ವಕೀಲೆ, ಮೈಸೂರು:
ಸುಮ್ನಿರಬೇಡಿ. ಯಾವ ದಿನ, ಯಾರು, ಏನಂದರು ಅಂತ ಬರೆದು ಸ್ಟೇಷನ್ನಿಗೆ ಕೊಟ್ಟು ಹಿಂಬರಹ (ದೂರು ತಲುಪಿದೆ ಅಂತ ಅವರು ಬರೆದುಕೊಡೋ ಕಾಗದ) ತಗೊಳ್ಳಿ. ಬೇಲ್ ರದ್ದು ಮಾಡಿ ಅಂತ ಅರ್ಜಿ ಹಾಕುವಾಗ ಅದೇ ಮುಖ್ಯ ಕಾಗದ. ಬೇಲ್ ವಿಚಾರದಲ್ಲೂ ನೊಂದವರ ಮಾತು ಕೇಳಬೇಕು ಅಂತ 2022ರಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿ ಕೇಸಿನಲ್ಲಿ (ರೈತರ ಮೇಲೆ ವಾಹನ ಹರಿದದ್ದು) ಸುಪ್ರೀಂ ಕೋರ್ಟ್ ಹೇಳಿ, ಕೊಟ್ಟಿದ್ದ ಬೇಲನ್ನೇ ರದ್ದು ಮಾಡಿತ್ತು. ಹಿಂಬರಹ ಕೊಡದಿದ್ದರೆ ಅದೇ ದೂರನ್ನ ಎಸ್‌ಪಿ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.