ಇನ್‌ಕ್ಲೂಡ್ಸ್ ಹಾಕಿದರೂ ಸಾಲಿಗೊಂದು ಕ್ವೆರಿ, ಜೊತೆಗೆ ಪ್ಯೂಮಾ ಮೆಮೊರಿ ಏರುತ್ತಲೇ ಇದೆ

ಪ್ರಶ್ನೆ: ರೈಲ್ಸ್_ಹುಬ್ಬಳ್ಳಿ

ನಮಸ್ಕಾರ. ರೈಲ್ಸ್ 7.1 (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್), ರೂಬಿ 3.2, ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಉಬುಂಟು ಸರ್ವರ್, 2 ಜಿಬಿ ರ್‍ಯಾಮ್. ವೆಬ್ ಸರ್ವರ್ ಪ್ಯೂಮಾಗೆ 2 ವರ್ಕರ್ (ಪ್ರೋಸೆಸ್), ತಲಾ 5 ಥ್ರೆಡ್. ಡೇಟಾಬೇಸ್ ಬೇರೆ ಮಷೀನಿನಲ್ಲಿದೆ.

ಅಡ್ಮಿನ್ ಕಡೆಯ ಆರ್ಡರ್ ಪಟ್ಟಿಯಲ್ಲಿ ಪುಟಕ್ಕೆ 50 ಸಾಲು. ಕಂಟ್ರೋಲರ್‌ನಲ್ಲಿ ಕಸ್ಟಮರ್, ಐಟಮ್ಸ್ ಎರಡಕ್ಕೂ ಇನ್‌ಕ್ಲೂಡ್ಸ್ (ಸಂಬಂಧಿತ ರೆಕಾರ್ಡ್‌ಗಳನ್ನು ಮೊದಲೇ ಒಟ್ಟಿಗೆ ತರುವ ಆಜ್ಞೆ) ಇದೆ. ಆದರೂ ಲಾಗ್ ನೋಡಿದರೆ ಐಟಮ್ಸ್ ಟೇಬಲ್‌ಗೆ ಪ್ರತಿ ಸಾಲಿಗೂ ಎರಡೆರಡು ಕ್ವೆರಿ. ಪಾರ್ಶಿಯಲ್‌ನಲ್ಲಿ (ಒಂದು ಸಾಲಿನ ಟೆಂಪ್ಲೇಟ್ ತುಣುಕು) ತೋರಿಸುತ್ತಿರುವುದು ಇಷ್ಟೇ: ರದ್ದಾಗದ ಐಟಮ್‌ಗಳ ಸಂಖ್ಯೆ (ವೇರ್ ಹಾಕಿ ಕೌಂಟ್), ಕೊನೆಗೆ ಸೇರಿಸಿದ ಐಟಮ್‌ನ ಹೆಸರು (ಆರ್ಡರ್ ಹಾಕಿ ಲಾಸ್ಟ್). ಇಂಥ ಕ್ವೆರಿ ಹಿಡಿಯುವ ಬುಲೆಟ್ ಜೆಮ್ (ರೂಬಿ ಲೈಬ್ರರಿ) ಎನ್ ಪ್ಲಸ್ ಒನ್, ಅಂದರೆ ಸಾಲಿಗೊಂದು ಹೆಚ್ಚುವರಿ ಕ್ವೆರಿ, ಅಂತ ಹೇಳುತ್ತಿಲ್ಲ. ಬದಲಿಗೆ ಐಟಮ್ಸ್ ಇನ್‌ಕ್ಲೂಡ್ಸ್ ತೆಗೆಯಿರಿ, ಬಳಕೆಯಾಗುತ್ತಿಲ್ಲ ಅನ್ನುತ್ತಿದೆ!

ಎರಡನೆಯ ತೊಂದರೆ ಮೆಮೊರಿ. ಪ್ಯೂಮಾ ವರ್ಕರ್ ಶುರುವಾದಾಗ 250 ಎಂಬಿ, ಸಂಜೆ ಹೊತ್ತಿಗೆ 700 ದಾಟುತ್ತದೆ, ಆಮೇಲೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ನಿಲ್ಲಿಸುವ ಲಿನಕ್ಸ್ ವ್ಯವಸ್ಥೆ) ಬಂದು ಕೊಲ್ಲುತ್ತದೆ. ತಿಂಗಳ ಆರ್ಡರ್‌ಗಳನ್ನು ಸಿಎಸ್‌ವಿಗೆ ಇಳಿಸುವ ಬಟನ್ ಕೂಡ ಇದೇ ಪುಟದಲ್ಲಿದೆ. ಇದು ಲೀಕ್ (ಬಳಸಿದ ಮೆಮೊರಿ ಬಿಡದೆ ಉಳಿಯುವುದು) ಇರಬಹುದೇ? ಎಲ್ಲಿಂದ ಹುಡುಕಲಿ?

ಉತ್ತರ 1: ಕ್ವೆರಿ_ಕಾವಲುಗಾರ

ಬುಲೆಟ್ ಹೇಳುತ್ತಿರುವುದು ಸರಿಯಾಗಿಯೇ ಇದೆ. ಇನ್‌ಕ್ಲೂಡ್ಸ್ ಐಟಮ್‌ಗಳನ್ನೆಲ್ಲ ಮೆಮೊರಿಗೆ ತಂದಿಡುತ್ತದೆ. ಆದರೆ ಅಸೋಸಿಯೇಶನ್ ಮೇಲೆ ನೀವು ವೇರ್ ಅಥವಾ ಆರ್ಡರ್ ಕರೆದ ಕೂಡಲೇ ಅದು ಹೊಸ ರಿಲೇಶನ್, ಹೊಸ ಕ್ವೆರಿ. ತಂದಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಬುಲೆಟ್ ಗಮನಿಸುವುದು ಅಸೋಸಿಯೇಶನ್ ಲೋಡ್ ಆಗುವುದನ್ನು ಮಾತ್ರ, ಹಾಗಾಗಿ ವೇರ್-ಕೌಂಟ್ ಅದರ ಕಣ್ಣಿಗೆ ಬೀಳದು. ಇಂಥದ್ದನ್ನು ಹಿಡಿಯಲು ಪ್ರೊಸೊಪೈಟ್ ಜೆಮ್ ಹಾಕಿ. ಕೋಡ್‌ನ ಒಂದೇ ಜಾಗದಿಂದ (ಒಂದೇ ಕಾಲ್ ಸ್ಟ್ಯಾಕ್) ಒಂದೇ ಆಕಾರದ ಎಸ್‌ಕ್ಯೂಎಲ್ ಮತ್ತೆ ಮತ್ತೆ ಹೋದರೆ ಅದು ಕೂಗುತ್ತದೆ. ಪೋಸ್ಟ್‌ಗ್ರೆಸ್ ಆದ್ದರಿಂದ ಜೊತೆಗೆ ಪಿಜಿ ಕ್ವೆರಿ ಜೆಮ್ ಕೂಡ ಬೇಕು.

ಕೌಂಟ್, ಸೈಜ್, ಲೆಂತ್ ಮೂರೂ ಒಂದೇ ಅಲ್ಲ. ಕೌಂಟ್ ಯಾವಾಗಲೂ ಡೇಟಾಬೇಸ್‌ಗೆ ಹೋಗುತ್ತದೆ. ಲೆಂತ್ ಎಲ್ಲ ರೆಕಾರ್ಡ್ ತಂದು ಎಣಿಸುತ್ತದೆ. ಲೋಡ್ ಆಗಿದ್ದರೆ ಸೈಜ್ ಮೆಮೊರಿಯಲ್ಲೇ ಎಣಿಸುತ್ತದೆ, ಇಲ್ಲದಿದ್ದರೆ ಕೌಂಟ್ ಕ್ವೆರಿ ಹಾಕುತ್ತದೆ. ಎನಿ, ಎಗ್ಸಿಸ್ಟ್ಸ್ ನಡುವೆಯೂ ಇದೇ ಕಥೆ: ಎಗ್ಸಿಸ್ಟ್ಸ್ ಪ್ರತಿ ಸಲ ಕ್ವೆರಿ ಹಾಕುತ್ತದೆ.

ಸಂಖ್ಯೆ ಒಂದೇ ಬೇಕಾದಾಗ ಐಟಮ್‌ಗಳನ್ನು ಪ್ರಿಲೋಡ್ ಮಾಡುವುದೇ ದಂಡ. ಹೀಗೆ ಮಾಡಿ: ಪುಟದ 50 ಆರ್ಡರ್‌ಗಳ ಐಡಿ ತೆಗೆದುಕೊಂಡು, ಐಟಮ್ ಮಾಡೆಲ್ ಮೇಲೆ ರದ್ದಾಗದವು ಅನ್ನುವ ಷರತ್ತಿನೊಂದಿಗೆ ಆರ್ಡರ್ ಐಡಿಗೆ ಗ್ರೂಪ್ ಹಾಕಿ ಕೌಂಟ್ ಕರೆಯಿರಿ. ಒಂದೇ ಕ್ವೆರಿಯಲ್ಲಿ ಐಡಿಗೆ ಸಂಖ್ಯೆ ಜೋಡಿಸಿದ ಹ್ಯಾಶ್ ಸಿಗುತ್ತದೆ. ಒಂದೂ ಐಟಮ್ ಇಲ್ಲದ ಆರ್ಡರ್ ಆ ಹ್ಯಾಶ್‌ನಲ್ಲಿ ಇರುವುದೇ ಇಲ್ಲ, ಆದ್ದರಿಂದ ಫೆಚ್‌ಗೆ ಡಿಫಾಲ್ಟ್ 0 ಕೊಡಿ. ಇಲ್ಲದಿದ್ದರೆ ಖಾಲಿ ಆರ್ಡರ್ ಬಂದ ದಿನ ಪುಟ ಕೀ ಎರರ್ ಕೊಟ್ಟು ಬೀಳುತ್ತದೆ. ಕೌಂಟರ್ ಕ್ಯಾಶ್ (ಎಣಿಕೆಯನ್ನು ಆರ್ಡರ್ ಸಾಲಿನಲ್ಲೇ ಬರೆದಿಡುವುದು) ಬಗ್ಗೆ ಯೋಚಿಸುತ್ತಿದ್ದರೆ, ರೈಲ್ಸ್ ಜೊತೆ ಬರುವುದು ಷರತ್ತು ಇಟ್ಟು ಎಣಿಸುವುದಿಲ್ಲ. ಅದಕ್ಕೆ ಕೌಂಟರ್ ಕಲ್ಚರ್ ಜೆಮ್ ಇದೆ. ಅಪ್‌ಡೇಟ್ ಆಲ್, ಡಿಲೀಟ್ ಆಲ್ ಬಳಸಿದ ಕಡೆ ಎಣಿಕೆ ತಪ್ಪುವುದು ಮಾತ್ರ ಎರಡರಲ್ಲೂ ಇದ್ದದ್ದೇ.

ಕೊನೆಯ ಐಟಮ್ ವಿಷಯದಲ್ಲಿ ಬಹಳ ಜನ ಹ್ಯಾಸ್ ಒನ್ (ಒಂದಕ್ಕೊಂದು ಸಂಬಂಧ) ಬರೆದು, ಅದಕ್ಕೆ ಇಳಿಕೆಯ ಆರ್ಡರ್ ಕೊಟ್ಟು ಪ್ರಿಲೋಡ್ ಮಾಡುತ್ತಾರೆ. ಕ್ವೆರಿ ಒಂದೇ ಆಗುತ್ತದೆ, ನಿಜ. ಆದರೆ ಅದು ಆ 50 ಆರ್ಡರ್‌ಗಳ ಎಲ್ಲ ಐಟಮ್‌ಗಳನ್ನೂ ತಂದು, ರೂಬಿಯಲ್ಲಿ ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಸ್ಟಿಂಕ್ಟ್ ಆನ್ (ಗುಂಪಿಗೆ ಮೊದಲ ಸಾಲನ್ನು ಮಾತ್ರ ಕೊಡುವುದು) ಇದೆಯಲ್ಲ: ಆರ್ಡರ್ ಐಡಿ ಮೇಲೆ ಡಿಸ್ಟಿಂಕ್ಟ್ ಆನ್, ಸಾರ್ಟ್ ಮೊದಲು ಆರ್ಡರ್ ಐಡಿಯಿಂದ, ಆಮೇಲೆ ಕ್ರಿಯೇಟೆಡ್ ಅಟ್ ಇಳಿಕೆಯಲ್ಲಿ, ಬಂದದ್ದಕ್ಕೆ ಇಂಡೆಕ್ಸ್ ಬೈ. ಸಾರ್ಟ್‌ನಲ್ಲಿ ಆರ್ಡರ್ ಐಡಿ ಮೊದಲು ಬರದಿದ್ದರೆ ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ.

ಇನ್ನೊಂದು ಮಾತು. ಲಾಗ್‌ನಲ್ಲಿ ಆಕ್ಟಿವ್ ರೆಕಾರ್ಡ್ ಸಮಯ ಕಡಿಮೆ, ವ್ಯೂಸ್ ಸಮಯ ಜಾಸ್ತಿ ಕಂಡರೆ ಟೆಂಪ್ಲೇಟ್ ಮೇಲೆ ತಪ್ಪು ಹೊರಿಸಬೇಡಿ. ಅಲ್ಲಿ ಆಕ್ಟಿವ್ ರೆಕಾರ್ಡ್ ಲೆಕ್ಕ ಅಂದರೆ ಎಸ್‌ಕ್ಯೂಎಲ್ ಓಡಿದ ಹೊತ್ತು ಮಾತ್ರ. ಬಂದ ಸಾಲುಗಳಿಂದ ಆಬ್ಜೆಕ್ಟ್ ಕಟ್ಟುವ ಖರ್ಚು, ಕ್ವೆರಿ ವ್ಯೂನಲ್ಲಿ ಓಡಿದರೆ, ವ್ಯೂಸ್ ಲೆಕ್ಕಕ್ಕೆ ಸೇರುತ್ತದೆ. ಅದೇ ಸಾಲಿನ ಕೊನೆಯ ಅಲೊಕೇಶನ್ಸ್ ಸಂಖ್ಯೆ ನೋಡಿ, ತಿದ್ದುವ ಮೊದಲು ಮತ್ತು ಆಮೇಲೆ ಹೋಲಿಸಲು ಮಿಲಿಸೆಕೆಂಡ್‌ಗಿಂತ ಅದು ನಂಬಿಕಸ್ತ. ಈಚ್ ಲೂಪ್ ಒಳಗೆ ಪಾರ್ಶಿಯಲ್ ರೆಂಡರ್ ಮಾಡುತ್ತಿದ್ದರೆ ಕಲೆಕ್ಷನ್ ರೆಂಡರ್‌ಗೆ ಬದಲಿಸಿ.

ಉತ್ತರ 2: ಸರ್ವರ್_ಸಾಹುಕಾರ್

ಮೆಮೊರಿ ಕಡೆಗೆ ಬರೋಣ. ಲೀಕ್ ಅಂತ ತೀರ್ಮಾನಿಸುವ ಮೊದಲು ಗ್ರಾಫ್ ಹೇಗಿದೆ ನೋಡಿ. ಲೀಕ್ ಆದರೆ ಗೆರೆ ನಿಲ್ಲದೆ ಏರುತ್ತದೆ. ಒಮ್ಮೆ ದಡಕ್ಕನೆ ಹಾರಿ ಅಲ್ಲೇ ಕೂತರೆ, ಯಾವುದೋ ಒಂದು ರಿಕ್ವೆಸ್ಟ್ ಭಾರಿ ತುತ್ತು ನುಂಗಿದೆ ಎಂದರ್ಥ. ರೂಬಿ ಒಮ್ಮೆ ಹಿಗ್ಗಿದ ಹೀಪನ್ನು ಅಷ್ಟು ಸುಲಭವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಮರಳಿಸುವುದಿಲ್ಲ. ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಸಿಎಸ್‌ವಿ ಬಟನ್ ಮೇಲೆಯೇ.

ಅದನ್ನು ಸೈಡ್‌ಕಿಕ್‌ಗೆ (ಹಿನ್ನೆಲೆಯಲ್ಲಿ ಜಾಬ್ ಓಡಿಸುವ ಜೆಮ್) ಕಳಿಸಿ. ಆದರೆ ಜಾಬ್‌ಗೆ ಸಾಗಿಸಿದ ಮಾತ್ರಕ್ಕೆ ಮೆಮೊರಿ ಉಳಿಯುವುದಿಲ್ಲ, ಅಷ್ಟೇ ಹೊರೆ ಇನ್ನೊಂದು ಪ್ರೋಸೆಸ್‌ಗೆ ಹೋಗುತ್ತದೆ. ಈಚ್ ಬದಲು ಫೈಂಡ್ ಈಚ್ ಬಳಸಿ, ಡಿಫಾಲ್ಟ್ ಆಗಿ 1000ದ ಬ್ಯಾಚ್‌ಗಳಲ್ಲಿ ತರುತ್ತದೆ, ಇನ್‌ಕ್ಲೂಡ್ಸ್ ಬ್ಯಾಚ್ ಬ್ಯಾಚಿಗೂ ಕೆಲಸ ಮಾಡುತ್ತದೆ. ನೀವು ಕೊಟ್ಟ ಸಾರ್ಟ್ ಕ್ರಮವನ್ನು ಅದು ಲೆಕ್ಕಿಸುವುದಿಲ್ಲ, ಪ್ರೈಮರಿ ಕೀ ಕ್ರಮದಲ್ಲೇ ನಡೆಯುತ್ತದೆ. ದಿನಾಂಕದ ಕ್ರಮವೇ ಬೇಕೆಂದು ಅಕೌಂಟ್ಸ್ ವಿಭಾಗದವರು ಹಟ ಹಿಡಿದರೆ ಇದು ನೆನಪಿರಲಿ. ಸಿಎಸ್‌ವಿ ಜನರೇಟ್ ಇಡೀ ಫೈಲನ್ನು ಒಂದೇ ಸ್ಟ್ರಿಂಗ್ ಆಗಿ ಮೆಮೊರಿಯಲ್ಲಿ ಕಟ್ಟುತ್ತದೆ. ಟೆಂಪ್‌ಫೈಲ್ ತೆರೆದು ಸಾಲು ಸಾಲಾಗಿ ಬರೆಯಿರಿ.

ಇದಾದ ಮೇಲೂ ಏರುತ್ತಿದ್ದರೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅರೀನಾಗಳನ್ನು, ಅಂದರೆ ಮೆಮೊರಿ ಹಂಚುವ ಪ್ರತ್ಯೇಕ ಕೊಠಡಿಗಳನ್ನು, ನೋಡಿ. 64 ಬಿಟ್ ಯಂತ್ರದಲ್ಲಿ ಅದು ಕೋರ್‌ಗೆ 8ರ ತನಕ ಅರೀನಾ ಮಾಡಿಕೊಳ್ಳುತ್ತದೆ. ಥ್ರೆಡ್‌ಗಳು ಬೇರೆ ಬೇರೆ ಅರೀನಾದಲ್ಲಿ ಜಾಗ ಹಿಡಿದು ಬಿಟ್ಟಾಗ ಮೆಮೊರಿ ಚೂರುಚೂರಾಗಿ ಉಳಿಯುತ್ತದೆ. ಮ್ಯಾಲಾಕ್ ಅರೀನಾ ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 2 ಮಾಡಿ, ಅಥವಾ ಜೆಮಾಲಾಕ್‌ಗೆ (ಬೇರೊಂದು ಮೆಮೊರಿ ಅಲೊಕೇಟರ್) ಹೋಗಿ. ಎರಡೂ ಒಟ್ಟಿಗೆ ಬೇಡ, ಜೆಮಾಲಾಕ್ ಇದ್ದಾಗ ಮೊದಲನೆಯದಕ್ಕೆ ಅರ್ಥವಿಲ್ಲ. ರೈಲ್ಸ್ 7.2ರಿಂದ ಹೊಸ ಆ್ಯಪ್‌ನ ಡಾಕರ್‌ಫೈಲ್‌ನಲ್ಲಿ ಜೆಮಾಲಾಕ್ ತಾನಾಗಿಯೇ ಬರುತ್ತದೆ. ನಿಮ್ಮಲ್ಲಿ ಕೈಯಾರೆ ಹಾಕಬೇಕು: ಆ್ಯಪ್ಟ್‌ನಿಂದ ಲಿಬ್‌ಜೆಮಾಲಾಕ್2 ಇಳಿಸಿ, ಎಲ್‌ಡಿ ಪ್ರಿಲೋಡ್‌ನಲ್ಲಿ ಅದರ ಪೂರ್ತಿ ಪಾತ್ ಕೊಡಿ.

ಎಡವುವುದು ಇಲ್ಲೇ. ಬ್ಯಾಶ್‌ಆರ್‌ಸಿಯಲ್ಲಿ ಬರೆದದ್ದು ಸಿಸ್ಟಮ್‌ಡಿ ಸರ್ವಿಸ್‌ಗೆ ತಲುಪುವುದಿಲ್ಲ, ಯುನಿಟ್ ಫೈಲ್‌ನ ಎನ್ವಿರಾನ್‌ಮೆಂಟ್ ಸಾಲಿನಲ್ಲೇ ಹಾಕಬೇಕು. ಆರ್ಮ್ ಸರ್ವರ್ ಆದರೆ ಪಾತ್ ಬೇರೆ. ಪಾತ್ ತಪ್ಪಿದ್ದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರುತ್ತದೆ ಅಷ್ಟೇ, ಆ್ಯಪ್ ಏನೂ ಆಗದಂತೆ ಹಳೆಯ ಅಲೊಕೇಟರ್‌ನಲ್ಲೇ ಓಡುತ್ತದೆ. ಖಾತ್ರಿಗೆ ಪ್ಯೂಮಾ ವರ್ಕರ್‌ನ ಪಿಐಡಿ ಹಿಡಿದು, ಪ್ರೊಕ್ ಒಳಗಿನ ಮ್ಯಾಪ್ಸ್ ಫೈಲ್‌ನಲ್ಲಿ ಜೆಮಾಲಾಕ್ ಎಂದು ಗ್ರೆಪ್ ಮಾಡಿ.

ಥ್ರೆಡ್ 5ರಿಂದ 3ಕ್ಕೆ ಇಳಿಸಿ ನೋಡಿ. ರೈಲ್ಸ್ 7.2 ಡಿಫಾಲ್ಟ್ ಅನ್ನೇ 3ಕ್ಕೆ ತಂದಿದೆ. ಮೆಮೊರಿ ಮಿತಿ ಮೀರಿದಾಗ ವರ್ಕರ್ ಅನ್ನು ಮತ್ತೆ ಶುರು ಮಾಡುವ ಪ್ಯೂಮಾ ವರ್ಕರ್ ಕಿಲ್ಲರ್ ಜೆಮ್ ಬ್ಯಾಂಡೇಜ್ ಮಾತ್ರ, ಕಾರಣ ಸಿಗುವ ತನಕ ಇಟ್ಟುಕೊಳ್ಳಿ. ವೈಜಿಟ್ (ಓಡುವಾಗಲೇ ಕಂಪೈಲ್ ಮಾಡುವ ರೂಬಿ ಸೌಲಭ್ಯ) ಸದ್ಯಕ್ಕೆ ಬೇಡ, ಅದು ವೇಗಕ್ಕೆ ಮೆಮೊರಿ ತೆರುತ್ತದೆ.

ರೈಲ್ಸ್_ಹುಬ್ಬಳ್ಳಿ:

ಗ್ರೂಪ್ ಕೌಂಟ್ ಕೆಲಸ ಮಾಡಿತು, ಧನ್ಯವಾದ ಸರ್. ಡಿಸ್ಟಿಂಕ್ಟ್ ಆನ್‌ಗೆ ಆರ್ಡರ್ ಐಡಿ ಮತ್ತು ಕ್ರಿಯೇಟೆಡ್ ಅಟ್ ಸೇರಿಸಿ ಇಂಡೆಕ್ಸ್ ಬೇಕಲ್ಲವೇ? ಐಟಮ್ಸ್ ಟೇಬಲ್‌ನಲ್ಲಿ 40 ಲಕ್ಷ ಸಾಲು ಇವೆ. ಪ್ರೊಡಕ್ಷನ್‌ನಲ್ಲಿ ನೇರ ಮೈಗ್ರೇಶನ್ (ಟೇಬಲ್ ರಚನೆ ಬದಲಿಸುವ ಸ್ಕ್ರಿಪ್ಟ್) ಓಡಿಸಬಹುದೇ?

ಉತ್ತರ 3: ಕ್ವೆರಿ_ಕಾವಲುಗಾರ

ಇಂಡೆಕ್ಸ್ ಬೇಕು. ಸುಮ್ಮನೆ ಆ್ಯಡ್ ಇಂಡೆಕ್ಸ್ ಓಡಿಸಿದರೆ ಅದು ಮುಗಿಯುವ ತನಕ ಐಟಮ್ಸ್‌ಗೆ ಯಾವ ಬರವಣಿಗೆಯೂ ನಡೆಯದು. ಓದು ಮಾತ್ರ ನಡೆಯುತ್ತದೆ. ಅಲ್ಗಾರಿದಮ್ ಕನ್‌ಕರೆಂಟ್ಲಿ ಎಂದು ಕೊಡಿ, ಕ್ಲಾಸ್‌ನ ತಲೆಯಲ್ಲಿ ಡಿಸೇಬಲ್ ಡಿಡಿಎಲ್ ಟ್ರಾನ್ಸಾಕ್ಷನ್ ಬರೆಯಿರಿ, ಏಕೆಂದರೆ ಪೋಸ್ಟ್‌ಗ್ರೆಸ್ ಟ್ರಾನ್ಸಾಕ್ಷನ್ ಒಳಗೆ ಇದನ್ನು ಒಪ್ಪುವುದಿಲ್ಲ. ಆ ಮೈಗ್ರೇಶನ್‌ನಲ್ಲಿ ಬೇರೇನನ್ನೂ ಸೇರಿಸಬೇಡಿ.

ಹಳೆಯ ಟ್ರಾನ್ಸಾಕ್ಷನ್ ಯಾವುದಾದರೂ ತೆರೆದೇ ಉಳಿದಿದ್ದರೆ ಕನ್‌ಕರೆಂಟ್ಲಿ ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಓಡಿಸುವ ಮೊದಲು ಪಿಜಿ ಸ್ಟಾಟ್ ಆಕ್ಟಿವಿಟಿಯಲ್ಲಿ ಐಡಲ್ ಇನ್ ಟ್ರಾನ್ಸಾಕ್ಷನ್ ಇದೆಯೇ ನೋಡಿ. ಮಧ್ಯದಲ್ಲಿ ಕೆಟ್ಟರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ: ಕ್ವೆರಿಗೆ ಉಪಯೋಗವಿಲ್ಲ, ಬರವಣಿಗೆಗೆ ಹೊರೆ. ಆಗ ಇಫ್ ನಾಟ್ ಎಗ್ಸಿಸ್ಟ್ಸ್ ಹಾಕಿ ಮತ್ತೆ ಓಡಿಸಿದರೆ, ಹೆಸರು ಇದೆಯಲ್ಲ ಎಂದು ಪೋಸ್ಟ್‌ಗ್ರೆಸ್ ಬಿಟ್ಟುಬಿಡುತ್ತದೆ, ಮೈಗ್ರೇಶನ್ ಹಸಿರಾಗಿ ಮುಗಿಯುತ್ತದೆ, ಇಂಡೆಕ್ಸ್ ಮಾತ್ರ ಸತ್ತೇ ಇರುತ್ತದೆ. ಮೊದಲು ಕನ್‌ಕರೆಂಟ್ಲಿ ಡ್ರಾಪ್ ಮಾಡಿ, ಆಮೇಲೆ ಹೊಸದಾಗಿ ಕಟ್ಟಿ. ಸ್ಟ್ರಾಂಗ್ ಮೈಗ್ರೇಶನ್ಸ್ ಜೆಮ್ ಇದ್ದರೆ ಕನ್‌ಕರೆಂಟ್ಲಿ ಮರೆತಾಗ ಅದೇ ತಡೆಯುತ್ತದೆ.

ಆದ ಮೇಲೆ ರಿಲೇಶನ್ ಮೇಲೆ ಎಕ್ಸ್‌ಪ್ಲೇನ್‌ಗೆ ಅನಲೈಜ್ ಕೊಟ್ಟು ನೋಡಿ, 7.1ರಲ್ಲಿ ಆ ಆಯ್ಕೆ ಇದೆ. ಇದನ್ನು ನಿಮ್ಮ ಲ್ಯಾಪ್‌ಟಾಪ್‌ನ ನೂರು ಸಾಲಿನ ಟೇಬಲ್ ಮೇಲೆ ಪರೀಕ್ಷಿಸಬೇಡಿ. ಸಣ್ಣ ಟೇಬಲ್‌ಗೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಇದ್ದರೂ ಸೀಕ್ವೆನ್ಷಿಯಲ್ ಸ್ಕ್ಯಾನ್ (ಇಡೀ ಟೇಬಲ್ ಓದುವುದು) ಅನ್ನೇ ಆರಿಸಿಕೊಳ್ಳುತ್ತದೆ. ಪುಟ ಸಂಖ್ಯೆ ತೋರಿಸಲು ಪೇಜಿನೇಶನ್ ಜೆಮ್ ಹಾಕುವ ಒಟ್ಟು ಕೌಂಟ್ ಕ್ವೆರಿಯನ್ನೂ ಅದೇ ಹೊತ್ತಿಗೆ ಪರಿಶೀಲಿಸಿ. ಹಿಂದೆ, ಮುಂದೆ ಬಟನ್ ಸಾಕಾದರೆ ಕಾಮಿನಾರಿಯಲ್ಲಿ ವಿದೌಟ್ ಕೌಂಟ್, ಪೇಗಿಯಲ್ಲಿ ಕೌಂಟ್‌ಲೆಸ್ ಇವೆ.