ಏಜೆಂಟರ ಮಾತು, ಡೆಮೊ ಕ್ಲಾಸು: ವಿದೇಶದಲ್ಲಿ ಪುಟಾಣಿಗಳಿಗೆ ಇಂಗ್ಲಿಷ್ ಕಲಿಸುವವರಿಗೆ

ಪ್ರಶ್ನೆ (ಉಡುಪಿ): ಎಂ.ಎ. ಇಂಗ್ಲಿಷ್, ಬಿ.ಎಡ್. ಆಗಿದೆ. ಕೊರಿಯಾದ ಖಾಸಗಿ ಅಕಾಡೆಮಿಯಲ್ಲಿ (ಹಗ್ವಾನ್) ಕೆಲಸ ಉಂಟು, 80 ಸಾವಿರ ಕೊಡಿ ಅಂತಾರೆ ಏಜೆಂಟರು. ಅದಾಗದಿದ್ದರೆ ವಿಯೆಟ್ನಾಂ ಅಂತೆ. ನಂಬಬಹುದಾ? ಡೆಮೊ ಕ್ಲಾಸ್ 40 ನಿಮಿಷ, 5 ವರ್ಷದ 12 ಮಕ್ಕಳು. ಹೇಗೆ ತಯಾರಾಗಲಿ?

ಉತ್ತರ (ಶಿಕ್ಷಕರ ತರಬೇತಿ, ಮಂಗಳೂರು): ಹಗ್ವಾನ್ ಆಸೆ ಬಿಡಿ ಮೇಡಂ. ಅಲ್ಲಿಗೆ ಬೇಕಾದ ಇ-2 (ಭಾಷೆ ಕಲಿಸುವವರ) ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೆ ಮಾತ್ರ. 2010ರಲ್ಲಿ ಜಾರಿಯಾದ ಭಾರತ-ಕೊರಿಯಾ ಒಪ್ಪಂದದಲ್ಲಿ ನಮ್ಮವರಿಗೆ ದಾರಿ ಇರುವುದು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ, ಅಕಾಡೆಮಿಗಲ್ಲ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕವೇ 30,000 ರೂ., ಮೇಲೆ ಜಿಎಸ್‌ಟಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರು ಉಂಟಾ ನೋಡಿ.

ವಿಯೆಟ್ನಾಂ ಆಗುವ ಮಾತು. ಡಿಗ್ರಿ, ಬೋಧನಾ ಸರ್ಟಿಫಿಕೇಟ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ 120 ಗಂಟೆಯ ತರಬೇತಿ, ಟೆಫ್ಲ್, ಸಾಮಾನ್ಯ), ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ವರ್ಕ್ ಪರ್ಮಿಟ್ ಬೇಕು. “ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಮಾಡಿಸುವ” ಅಂದರೆ ಹೋಗಬೇಡಿ.

ಇನ್ನು ಡೆಮೊ. ಹೊಸ ಪದ ಐದೇ ಸಾಕು. ಹತ್ತು ಹಾಕಿದರೆ ಒಂದೂ ಉಳಿಯುವುದಿಲ್ಲ. ಹಾಡು 3 ನಿಮಿಷ, ಹಳೆಯ ಪಾಠ 5, ಹೊಸ ಪದ 7. ನಂತರ ಮೈ ಅಲ್ಲಾಡಬೇಕು: “ಟಚ್ ದ ಡೋರ್” ಅಂದ ಕೂಡಲೇ ಓಡಿ ಮುಟ್ಟುವುದು, 8 ನಿಮಿಷ. ಆಮೇಲೆ 7 ನಿಮಿಷ ಫೋನಿಕ್ಸ್ (ಅಕ್ಷರಗಳ ಸದ್ದು ಜೋಡಿಸಿ ಓದಿಸುವುದು), 7 ನಿಮಿಷ ಬಣ್ಣ ಹಚ್ಚುವುದು, ಕೊನೆಗೆ ಚೀಲ ಎತ್ತಿಡುವುದು, ಬೈ-ಬೈ. ಆಟವನ್ನು ಮೊದಲು ಆಡಿ ತೋರಿಸಿ. ನಿಯಮವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಕ್ಲಾಸು ಕೈತಪ್ಪುತ್ತದೆ.

ನಮ್ಮವರು ಎಡವುವುದು ಫೋನಿಕ್ಸಿನಲ್ಲಿ. ಕಾಗುಣಿತ ಕಲಿತ ನಾಲಿಗೆ ‘ಸ್, ಆ್ಯ, ಟ್’ ಅನ್ನುವಲ್ಲಿ ‘ಸ, ಆ್ಯ, ಟ’ ಅನ್ನುತ್ತದೆ. ಮಗು ಜೋಡಿಸಿದರೆ ‘ಸ್ಯಾಟ್’ ಬರುವುದೇ ಇಲ್ಲ, ‘ಸಆ್ಯಟ’ ಆಗುತ್ತದೆ. ‘ಸ್ಸ್ಸ್’ ಎಂದು ಎಳೆಯಿರಿ. ‘ಪ್’, ‘ಟ್’ ಎಳೆಯಲಾಗದು. ಗಂಟಲು ಸದ್ದು ಮಾಡದೆ ಬರೀ ಗಾಳಿ ಬಿಡಿ. ಬಾಯಿ ಮುಂದೆ ತೆಳು ಕಾಗದ ಹಿಡಿದರೆ ಅದು ಅಲುಗಬೇಕು.

ಪ್ರಶ್ನೆ: ವಿಯೆಟ್ನಾಂ ಮಕ್ಕಳಿಗೆ ಕಷ್ಟವಾಗುವುದು ಎಲ್ಲಿ ಸರ್?

ಉತ್ತರ: ಪದದ ಕೊನೆಯ ವ್ಯಂಜನ. ‘ಲೈಕ್, ಲೈಫ್, ಲೈಟ್’ ಮೂರೂ ಹೆಚ್ಚುಕಡಿಮೆ ‘ಲೈ’ ಆಗುತ್ತವೆ. ತಿದ್ದುವ ಭರದಲ್ಲಿ ನೀವು ‘ಲೈಕು, ಲೈಟು’ ಅಂದುಬಿಟ್ಟೀರಿ ಮಾರಾಯ್ರೆ, ಮಕ್ಕಳು ಅದನ್ನೇ ಹಿಡಿಯುತ್ತವೆ. ಮೂರು ಚಿತ್ರ ಇಟ್ಟು, ನೀವು ಹೇಳಿದ್ದನ್ನು ಬೆರಳಿಟ್ಟು ತೋರಿಸಲು ಹೇಳಿ. ಕಿವಿಗೆ ವ್ಯತ್ಯಾಸ ತಿಳಿದ ಮೇಲೆಯೇ ಬಾಯಲ್ಲಿ ಹೇಳಿಸಿ.

ಇನ್ನೊಬ್ಬರು (ಕುಂದಾಪುರ): ‘ವೆಟ್’ (vet, wet), ‘ವೆಸ್ಟ್’ (vest, west) ಕೂಡ ನೋಡಿಕೊಳ್ಳಿ ಅಕ್ಕ. ‘ವಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಡಬ್ಲ್ಯೂ’ಗೆ ತುಟಿ ದುಂಡಗಾಗಬೇಕು. ನಾವು ಎರಡಕ್ಕೂ ಒಂದೇ ‘ವ’ ಹಾಕುತ್ತೇವೆ. ಕನ್ನಡಿ ಮುಂದೆ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ.